ಸೈಕಲ್ಲಿನ ಹ್ಯಾಂಡಲ್ ಮೈಗೆ ಹೊಂದುವಂತೆ ಕೂರಿಸಿಕೊಳ್ಳುವ ಬಗೆ

ಅಂಗಡಿಯಲ್ಲಿ ಹೊಸ ಸೈಕಲ್ ನೋಡುವವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸವೆಂದರೆ ಸೀಟಿನ ಮೇಲೆ ಕೂತು ಎರಡೂ ಪಾದಗಳು ನೆಲಕ್ಕೆ ಪೂರ್ತಿ ಊರುತ್ತವೆಯೇ ಎಂದು ಪರೀಕ್ಷಿಸುವುದು. ಊರದಿದ್ದರೆ ಅಂಗಡಿಯವರು ಸೀಟನ್ನು ಇನ್ನೆರಡು ಬೆರಳಿನಷ್ಟು ಇಳಿಸಿಕೊಡುತ್ತಾರೆ, ಆ ಎತ್ತರದಲ್ಲಿ ಹ್ಯಾಂಡಲ್ ಕೈಗೆ ಹಿತವಾಗಿಯೇ ಸಿಗುತ್ತದೆ, ವ್ಯಾಪಾರವೂ ಮುಗಿಯುತ್ತದೆ. ತೊಂದರೆ ಶುರುವಾಗುವುದು ಕೆಲವು ವಾರಗಳ ನಂತರ. ಮೊಣಕಾಲು ನೋಯುತ್ತಿದೆ ಎಂದು ತಿಳಿದವರನ್ನು ಕೇಳಿ ಸೀಟನ್ನು ಸರಿಯಾದ ಎತ್ತರಕ್ಕೆ ಏರಿಸಿದ ದಿನ ಹ್ಯಾಂಡಲ್ ಮಾತ್ರ ಇದ್ದಲ್ಲಿಯೇ ಉಳಿಯುತ್ತದೆ. ಸವಾರರ ಮೈ ಮುಂದಕ್ಕೆ ವಾಲುತ್ತದೆ, ಭಾರವೆಲ್ಲ ಅಂಗೈಗಳ ಮೇಲೆ ಬೀಳುತ್ತದೆ, ಹತ್ತು ಕಿಲೋಮೀಟರ್ ದಾಟುವಷ್ಟರಲ್ಲಿ ಕಿರುಬೆರಳು ಜೋಮು ಹಿಡಿದು ಕತ್ತು ಬಿಗಿಯತೊಡಗುತ್ತದೆ. ಆಗ ಹೆಚ್ಚಿನವರು ಮೆತ್ತನೆಯ ಗ್ರಿಪ್ಪನ್ನೋ ಜೆಲ್ ತುಂಬಿದ ಕೈಗವಸನ್ನೋ ಕೊಳ್ಳುತ್ತಾರೆ. ಅವುಗಳಿಂದ ನೋವು ಸ್ವಲ್ಪ ಮಂದವಾಗಬಹುದೇ ಹೊರತು ಹೋಗುವುದಿಲ್ಲ, ಏಕೆಂದರೆ ಅದರ ಬೇರು ಇರುವುದು ಸೀಟಿಗೂ ಹ್ಯಾಂಡಲ್‌ಗೂ ನಡುವಿನ ಅಂತರದಲ್ಲಿ.

ಈ ಅಂತರವನ್ನು ಮನೆಯಲ್ಲಿಯೇ ಸರಿಪಡಿಸಿಕೊಳ್ಳಬಹುದು. ಬೇಕಾಗುವ ಉಪಕರಣಗಳು ಹೆಚ್ಚಿಲ್ಲ: 4, 5 ಮತ್ತು 6 ಮಿಲಿಮೀಟರ್ ಅಳತೆಯ ಆಲನ್ ಕೀಗಳು (ಹಾರ್ಡ್‌ವೇರ್ ಅಂಗಡಿಯಲ್ಲಿ ‘ಎಲ್‌ಎನ್ ಕೀ’ ಎಂದು ಕೇಳಿದರೆ ಬೇಗ ಸಿಗುತ್ತವೆ), ಹಳೆಯ ಮಾದರಿಯ ಸೈಕಲ್ಲಾದರೆ 12 ಅಥವಾ 13ರ ಸ್ಪ್ಯಾನರ್, ಒಂದು ಸುತ್ತಿಗೆ, ಒಂದು ಮರದ ತುಂಡು, ಸ್ವಲ್ಪ ಗ್ರೀಸು, ಅಳತೆ ಟೇಪು, ಬಣ್ಣದ ಟೇಪಿನ ಒಂದು ಚೂರು.

ಸೀಟು ಮೊದಲು, ಹ್ಯಾಂಡಲ್ ಆಮೇಲೆ

ಹ್ಯಾಂಡಲ್‌ಗೆ ಕೈಹಾಕುವ ಮುನ್ನ ಸೀಟು ತನ್ನ ಸ್ಥಾನದಲ್ಲಿದೆಯೇ ಎಂದು ನೋಡಬೇಕು. ಗೋಡೆಗೆ ಒರಗಿ ಸೈಕಲ್ ಮೇಲೆ ಕೂತು, ಪೆಡಲ್ ಅತ್ಯಂತ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿಯನ್ನು ಇಟ್ಟರೆ ಕಾಲು ನೇರವಾಗಿ ಚಾಚಿಕೊಳ್ಳಬೇಕು, ಆದರೆ ಸೊಂಟ ಒಂದು ಪಕ್ಕಕ್ಕೆ ವಾಲಬಾರದು. ನಿಜವಾಗಿ ತುಳಿಯುವಾಗ ಪಾದದ ಮುಂಭಾಗ ಪೆಡಲ್ ಮೇಲಿರುವುದರಿಂದ ಅದೇ ಎತ್ತರದಲ್ಲಿ ಮೊಣಕಾಲು ಸುಮಾರು 25ರಿಂದ 35 ಡಿಗ್ರಿಯಷ್ಟು ಬಾಗಿರುತ್ತದೆ. ದಿನವೂ ಹಾಕಿಕೊಂಡು ಓಡಿಸುವ ಚಪ್ಪಲಿಯನ್ನೋ ಶೂವನ್ನೋ ಹಾಕಿಕೊಂಡೇ ಇದನ್ನು ನೋಡಬೇಕು. ಈ ಎತ್ತರದಲ್ಲಿ ಸೀಟಿನ ಮೇಲೆ ಕೂತಿದ್ದಂತೆಯೇ ಎರಡೂ ಪಾದಗಳನ್ನು ನೆಲಕ್ಕೆ ಊರಲಾಗುವುದಿಲ್ಲ. ನಿಲ್ಲಿಸುವಾಗ ಸೀಟಿನಿಂದ ಮುಂದಕ್ಕೆ ಇಳಿದು ನಿಲ್ಲುವ ಅಭ್ಯಾಸ ಮಾಡಿಕೊಳ್ಳಬೇಕಾಗುತ್ತದೆ.

ಸೀಟಿನ ಓರೆಯನ್ನು ಬಹಳ ಜನ ಗಮನಿಸುವುದೇ ಇಲ್ಲ. ಕೂರುವ ಜಾಗದಲ್ಲಿ ಒತ್ತುತ್ತದೆಂದು ಸೀಟಿನ ಮೂತಿಯನ್ನು ಕೆಳಕ್ಕೆ ತಗ್ಗಿಸಿಕೊಂಡವರು ಸದಾ ಮುಂದಕ್ಕೆ ಜಾರುತ್ತಿರುತ್ತಾರೆ, ಆ ಜಾರಿಕೆಯನ್ನು ತಡೆಯುವ ಕೆಲಸವನ್ನು ಎರಡು ಕೈಗಳೂ ಇಡೀ ದಾರಿ ಮಾಡುತ್ತಿರುತ್ತವೆ. ಸೀಟಿನ ಮೇಲೆ ಗಟ್ಟಿ ರಟ್ಟಿನ ಪುಸ್ತಕವೊಂದನ್ನು ಉದ್ದಕ್ಕೆ ಇಟ್ಟು, ಅದರ ಮೇಲೆ ರಸಮಟ್ಟವನ್ನೋ ಮಟ್ಟ ತೋರಿಸುವ ಆ್ಯಪ್ ಇರುವ ಮೊಬೈಲನ್ನೋ ಇಟ್ಟು ನೋಡಿ, ಸಮತಟ್ಟಾಗಿರುವಂತೆ ಬಿಗಿಮಾಡಿ. ಅಂಗೈ ನೋವಿನ ಎಷ್ಟೋ ಪ್ರಕರಣಗಳು ಇಷ್ಟಕ್ಕೇ ಮುಗಿದುಹೋಗುತ್ತವೆ. ಸೀಟನ್ನು ಹಿಂದೆ ಮುಂದೆ ಸರಿಸುವುದು ಮೊಣಕಾಲಿಗೂ ಪೆಡಲಿಗೂ ಇರುವ ಸಂಬಂಧವನ್ನು ಸರಿಪಡಿಸಲಿಕ್ಕೆ ಇರುವ ಅವಕಾಶ. ಹ್ಯಾಂಡಲ್ ದೂರವಾಯಿತೆಂದು ಸೀಟನ್ನು ಮುಂದಕ್ಕೆ ಎಳೆದುಕೊಳ್ಳುವುದು ಕೈನೋವನ್ನು ಕೊಟ್ಟು ಮೊಣಕಾಲು ನೋವನ್ನು ಪಡೆದಂತೆ.

ಸೀಟು ಸರಿಯಾದ ಮೇಲೆ ಮೂರು ಅಳತೆಗಳನ್ನು ಬರೆದಿಟ್ಟುಕೊಳ್ಳಿ: ನೆಲದಿಂದ ಸೀಟಿನ ಮೇಲ್ಭಾಗಕ್ಕೆ, ನೆಲದಿಂದ ಗ್ರಿಪ್ಪಿನ ನಡುಭಾಗಕ್ಕೆ, ಸೀಟಿನ ಮೂತಿಯಿಂದ ಹ್ಯಾಂಡಲ್ ಕೊಳವೆಯ ನಡುವಿಗೆ. ಮುಂದೆ ಮಾಡುವ ಯಾವ ಬದಲಾವಣೆ ಹಿತವೆನಿಸದಿದ್ದರೂ ಹಿಂದಿನ ಸ್ಥಿತಿಗೆ ಮರಳಲು ಈ ಮೂರು ಅಂಕಿಗಳೇ ದಾರಿ.

ಮೈ ಹೇಳುವುದನ್ನು ಕೇಳಿಸಿಕೊಳ್ಳುವುದು

ಹ್ಯಾಂಡಲ್ ಎತ್ತರವಾಗಬೇಕೋ, ಹತ್ತಿರವಾಗಬೇಕೋ, ಸುಮ್ಮನೆ ತಿರುಗಿಸಿದರೆ ಸಾಕೋ ಎಂಬುದನ್ನು ನೋವಿನ ಜಾಗ ಸಾಕಷ್ಟು ಸ್ಪಷ್ಟವಾಗಿ ತಿಳಿಸುತ್ತದೆ. ಕಿರುಬೆರಳು ಮತ್ತು ಅದರ ಪಕ್ಕದ ಉಂಗುರಬೆರಳು ಜೋಮು ಹಿಡಿಯುತ್ತಿದ್ದರೆ, ಅಂಗೈಯ ಹೊರ ಅಂಚಿನ ಬುಡದಲ್ಲಿ ಹಾದುಹೋಗುವ ಅಲ್ನಾರ್ ನರದ ಮೇಲೆ ಮೈಭಾರ ಬೀಳುತ್ತಿದೆ ಎಂದರ್ಥ. ಹ್ಯಾಂಡಲ್ ತೀರ ಕೆಳಗಿದೆ, ಇಲ್ಲವೇ ದೂರವಿದೆ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಚುಮುಚುಮು ಎನ್ನುತ್ತಿದ್ದರೆ ಮಣಿಕಟ್ಟು ಮೇಲಕ್ಕೆ ಮಡಚಿಕೊಂಡು ಅಲ್ಲಿ ಹಾಯುವ ಮೀಡಿಯನ್ ನರ ಒತ್ತಿಹೋಗುತ್ತಿರುವ ಸಾಧ್ಯತೆ ಹೆಚ್ಚು. ಇಂಥಲ್ಲಿ ಎತ್ತರಕ್ಕಿಂತ ಬ್ರೇಕ್ ಲಿವರಿನ ಕೋನವೇ ಅಪರಾಧಿಯಾಗಿರುತ್ತದೆ. ಸೈಕಲ್ಲಿನಿಂದ ಇಳಿದು ಒಂದೆರಡು ದಿನ ಕಳೆದರೂ ಜೋಮು ಬಿಡದಿದ್ದರೆ ಅಥವಾ ಬೆರಳುಗಳಲ್ಲಿ ಹಿಡಿತ ಕಡಿಮೆಯಾಗಿದ್ದರೆ ಸ್ಪ್ಯಾನರ್ ಬದಿಗಿಟ್ಟು ವೈದ್ಯರನ್ನು ಕಾಣಬೇಕು.

ಕತ್ತಿನ ಹಿಂಭಾಗ ಹಿಡಿದುಕೊಳ್ಳುವುದು ಮುಂದೆ ಬಾಗಿದ ಮೈಯಿಂದ ತಲೆಯನ್ನು ಎತ್ತಿ ರಸ್ತೆ ನೋಡಬೇಕಾಗಿರುವುದರ ಫಲ. ಇಲ್ಲಿ ಒಂದು ಸಣ್ಣ ಸಂಗತಿಯನ್ನೂ ನೋಡಿಕೊಳ್ಳಿ: ಹೆಲ್ಮೆಟ್ಟಿನ ಮುಂದಿನ ಚುಂಚು ನೋಟಕ್ಕೆ ಅಡ್ಡ ಬರುತ್ತಿದ್ದರೆ ಗಲ್ಲವನ್ನು ಇನ್ನಷ್ಟು ಎತ್ತಬೇಕಾಗುತ್ತದೆ, ಆ ಚುಂಚನ್ನು ತೆಗೆದುಹಾಕಿದರೆ ಹ್ಯಾಂಡಲ್ ಮುಟ್ಟದೆಯೇ ಕತ್ತು ನಿರಾಳವಾಗಬಹುದು. ಭುಜಗಳು ಕಿವಿಯತ್ತ ಏರಿಕೊಂಡು ಬಿಗಿಯುತ್ತಿದ್ದರೆ ಹ್ಯಾಂಡಲ್ ತೀರ ಎತ್ತರವಾಗಿ ಹತ್ತಿರವಿದೆಯೇ, ಇಲ್ಲವೇ ಭುಜಕ್ಕಿಂತ ಬಹಳ ಅಗಲವಿದೆಯೇ ಎಂದು ಪರೀಕ್ಷಿಸಿ. ತಿರುವಿನಲ್ಲಿ ಮೊಣಕಾಲಿಗೆ ಹ್ಯಾಂಡಲ್ ತಾಗುತ್ತಿದ್ದರೆ ಅದು ನಿಸ್ಸಂದೇಹವಾಗಿ ಹತ್ತಿರವಾಗಿದೆ.

ಎತ್ತರಿಸಿದಷ್ಟೂ ಆರಾಮ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಬೆನ್ನು ಕಂಬದಂತೆ ನೇರವಾಗಿರುವಾಗ ರಸ್ತೆಯ ಪ್ರತಿ ಹಂಪಿನ ಪೆಟ್ಟು ಬೆನ್ನುಮೂಳೆಯ ಬುಡಕ್ಕೆ ನೇರವಾಗಿ ಬಡಿಯುತ್ತದೆ, ಏರಿನಲ್ಲಿ ಮುಂದಿನ ಚಕ್ರ ಹಗುರಾಗಿ ಅಲುಗಾಡುತ್ತದೆ, ಎದುರುಗಾಳಿಯಲ್ಲಿ ಎದೆ ಗಾಳಿಪಟವಾಗುತ್ತದೆ. ಪೇಟೆಯೊಳಗೆ ಐದಾರು ಕಿಲೋಮೀಟರ್ ಓಡಾಡುವವರಿಗೆ ಹ್ಯಾಂಡಲ್ ಸೀಟಿಗಿಂತ 2ರಿಂದ 5 ಸೆಂಟಿಮೀಟರ್ ಮೇಲಿದ್ದರೆ ಒಳ್ಳೆಯದು. ಬೆಳಿಗ್ಗೆ ಮೂವತ್ತು ನಲವತ್ತು ಕಿಲೋಮೀಟರ್ ಹೋಗಿಬರುವವರು ಸೀಟಿಗೆ ಸಮನಾಗಿ ಇಟ್ಟುಕೊಂಡು ಆರಂಭಿಸಬಹುದು. ವಿಜಯಪುರ, ಬಾಗಲಕೋಟೆ ಕಡೆಯ ರೇಸ್ ಸವಾರರು ಬೆನ್ನನ್ನು ನೆಲಕ್ಕೆ ಸಮನಾಗಿಸಿ ತುಳಿಯುವುದನ್ನು ಕಂಡು ಅದೇ ಭಂಗಿಯನ್ನು ಬಯಸುವವರು, ಆ ಮೈಗಳು ವರ್ಷಗಟ್ಟಲೆ ಅದಕ್ಕೆಂದೇ ಪಳಗಿವೆ ಎಂಬುದನ್ನು ಮರೆಯಬಾರದು.

ಭಾರ ಸರಿಯಾಗಿ ಹಂಚಿಕೆಯಾಗಿದೆಯೇ ಎಂದು ತಿಳಿಯಲು ಒಂದು ಸರಳ ಪರೀಕ್ಷೆಯಿದೆ. ವಾಹನಗಳಿಲ್ಲದ ಸಮತಟ್ಟು ಜಾಗದಲ್ಲಿ ನಿಧಾನವಾಗಿ ತುಳಿಯುತ್ತ, ಕೈಗಳನ್ನು ಗ್ರಿಪ್ಪಿನಿಂದ ಒಂದು ಬೆರಳಿನಷ್ಟು ಮಾತ್ರ ಮೇಲಕ್ಕೆತ್ತಿ ನೋಡಿ. ಮೈ ಇದ್ದ ಹಾಗೆಯೇ ನಿಂತರೆ ಸರಿ. ಕೂಡಲೇ ಮುಂದಕ್ಕೆ ಬೀಳುವಂತಾದರೆ ಕೈಗಳು ತಮ್ಮದಲ್ಲದ ಭಾರವನ್ನು ಹೊತ್ತಿವೆ. ಕೈಬಿಡಲು ಧೈರ್ಯ ಸಾಲದವರು ಗೋಡೆಗೆ ಒರಗಿ ಕೂತು ಮನೆಯವರಿಗೆ ಸೈಕಲ್ ಹಿಡಿದುಕೊಳ್ಳಲು ಹೇಳಿ ಇದನ್ನೇ ನೋಡಬಹುದು.

ಒಂದೇ ಬೋಲ್ಟಿನ ಹಳೆಯ ಮಾದರಿ

ಹ್ಯಾಂಡಲ್ಲನ್ನು ಫೋರ್ಕಿಗೆ, ಅಂದರೆ ಮುಂದಿನ ಚಕ್ರವನ್ನು ಹಿಡಿದಿರುವ ಕವಲಿಗೆ, ಜೋಡಿಸುವ ಭಾಗಕ್ಕೆ ಸ್ಟೆಮ್ ಎನ್ನುತ್ತಾರೆ, ಅದರಲ್ಲಿ ಎರಡು ಜಾತಿ. ಚೌಕಟ್ಟಿನ ಮುಂತುದಿಯ ದೊಡ್ಡ ನಟ್ಟಿನೊಳಗಿನಿಂದ ತೆಳುವಾದ ಕೊಳವೆಯೊಂದು ಮೇಲೆದ್ದು ಬಂದು ಮುಂದಕ್ಕೆ ಬಾಗಿದ್ದರೆ, ಅದರ ನೆತ್ತಿಯಲ್ಲಿ ಒಂದೇ ಬೋಲ್ಟಿದ್ದರೆ, ಅದು ಹಳೆಯ ಜಾತಿ. ಹಾಲು ಮಾರುವವರ ದೊಡ್ಡ ಸೈಕಲ್ಲು, ಮುಂದೆ ಬುಟ್ಟಿ ಇರುವ ಹೆಣ್ಣುಮಕ್ಕಳ ಸೈಕಲ್ಲು, ಮಕ್ಕಳ ಸೈಕಲ್ಲು ಬಹುಮಟ್ಟಿಗೆ ಈ ಬಗೆಯವು. ಎತ್ತರ ಬದಲಿಸುವುದು ಇವುಗಳಲ್ಲಿಯೇ ಅತ್ಯಂತ ಸುಲಭ, ಆದರೂ ಮೆಕ್ಯಾನಿಕ್ಕುಗಳ ಹೊರತು ಮತ್ತಾರೂ ಮುಟ್ಟದೆ ವರ್ಷಗಟ್ಟಲೆ ಹಾಗೆಯೇ ತುಕ್ಕು ಹಿಡಿದು ಕೂತಿರುವುದೂ ಇವುಗಳಲ್ಲಿಯೇ.

ಒಳಗಿನ ಏರ್ಪಾಡು ತಿಳಿದರೆ ಕೆಲಸ ಹಗುರಾಗುತ್ತದೆ. ನೆತ್ತಿಯ ಬೋಲ್ಟು ಕೊಳವೆಯ ಉದ್ದಕ್ಕೂ ಇಳಿದು ತಳದಲ್ಲಿರುವ ಓರೆಯಾಗಿ ಕತ್ತರಿಸಿದ ತುಂಡೊಂದನ್ನು, ಕೆಲವು ಸೈಕಲ್ಲುಗಳಲ್ಲಿ ಶಂಕುವಿನಾಕಾರದ ನಟ್ಟೊಂದನ್ನು, ಮೇಲಕ್ಕೆ ಎಳೆಯುತ್ತದೆ. ಅದು ಬೆಣೆಯಂತೆ ಸಿಕ್ಕಿಕೊಂಡು ಸ್ಟೆಮ್ಮನ್ನು ಫೋರ್ಕಿನ ಕೊಳವೆಯೊಳಗೆ ಬಿಗಿಯಾಗಿ ಹಿಡಿಯುತ್ತದೆ. ಬೋಲ್ಟನ್ನು ಸಡಿಲಿಸಿದ ಮಾತ್ರಕ್ಕೆ ಬೆಣೆ ಬಿಡುವುದಿಲ್ಲ. ಬಹಳ ಜನ ಸೋಲುವುದು ಇಲ್ಲಿಯೇ. ಬೋಲ್ಟನ್ನು ಮೂರು ನಾಲ್ಕು ಸುತ್ತು ಬಿಚ್ಚಿದಾಗ ಅದರ ತಲೆ ಸುಮಾರು ಅರ್ಧ ಸೆಂಟಿಮೀಟರ್ ಮೇಲೇಳುತ್ತದೆ. ಅದರ ಮೇಲೆ ಮರದ ತುಂಡನ್ನಿಟ್ಟು ಸುತ್ತಿಗೆಯಿಂದ ಒಂದು ಖಚಿತವಾದ ಪೆಟ್ಟು ಕೊಟ್ಟರೆ ಬೋಲ್ಟು ಕೆಳಕ್ಕಿಳಿದು ಬೆಣೆ ಕಳಚಿಕೊಳ್ಳುತ್ತದೆ. ಬೋಲ್ಟನ್ನು ಪೂರ್ತಿ ಬಿಚ್ಚಿ ಹೊಡೆಯಬಾರದು, ಹೊಡೆದರೆ ಅದರ ಮರೆ (ತಿರುಪಿನ ಸುತ್ತುಗೆರೆ) ಹಾಳಾಗುತ್ತದೆ. ನಂತರ ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಒತ್ತಿಹಿಡಿದು, ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ತಿರುಚುತ್ತ ಮೇಲಕ್ಕೆಳೆಯಿರಿ. ಜಪ್ಪಯ್ಯ ಎಂದರೂ ಅಲುಗದಿದ್ದರೆ ತುಕ್ಕು ಬಿಡಿಸುವ ಎಣ್ಣೆಯನ್ನು ಸಂದಿಗೆ ಬಿಟ್ಟು ಒಂದು ರಾತ್ರಿ ಕಾಯಿರಿ. ಸ್ಟೆಮ್ ಹೊರಬರುವ ಜಾಗದಲ್ಲಿರುವ ದೊಡ್ಡ ನಟ್ಟನ್ನು ಮಾತ್ರ ತಿರುಗಿಸಬೇಡಿ. ಅದು ಫೋರ್ಕಿನ ಬೇರಿಂಗುಗಳನ್ನು ಹಿಡಿದಿಟ್ಟಿರುವ ನಟ್ಟು, ಎತ್ತರಕ್ಕೂ ಅದಕ್ಕೂ ಸಂಬಂಧವಿಲ್ಲ.

ಎತ್ತರಿಸುವಾಗ ಒಂದು ಮಿತಿಯಿದೆ, ಅದನ್ನು ಮೀರುವುದು ಜೀವಕ್ಕೇ ಅಪಾಯ. ಸ್ಟೆಮ್ಮಿನ ಕೊಳವೆಯ ಮೇಲೆ ಅಡ್ಡಗೆರೆಗಳ ಒಂದು ಗುರುತು ಇರುತ್ತದೆ, ಆ ಗುರುತು ಹೊರಗೆ ಕಾಣುವಷ್ಟು ಎತ್ತರಿಸಕೂಡದು. ಗುರುತು ಅಳಿಸಿಹೋಗಿದ್ದರೆ ಸ್ಟೆಮ್ಮನ್ನು ಪೂರ್ತಿ ಹೊರತೆಗೆದು, ತಳದಿಂದ 65 ಮಿಲಿಮೀಟರ್ ಅಳೆದು ನೀವೇ ಗೆರೆ ಎಳೆದುಕೊಳ್ಳಿ, ಅಷ್ಟು ಭಾಗ ಯಾವಾಗಲೂ ಒಳಗಿರಲಿ. ಹೊರತೆಗೆದ ಮೇಲೆ ತುಕ್ಕನ್ನು ಬಟ್ಟೆಯಿಂದ ಒರೆಸಿ, ಒಳಹೋಗುವ ಭಾಗಕ್ಕೂ ಬೋಲ್ಟಿನ ಮರೆಗೂ ಗ್ರೀಸು ಸವರಿ ಮರಳಿ ಇಳಿಸುವುದು ಒಳ್ಳೆಯದು. ಮುಂದಿನ ಸಲ ಸುತ್ತಿಗೆಯ ಅಗತ್ಯವೇ ಬೀಳದಿರಬಹುದು. ಹ್ಯಾಂಡಲ್ಲನ್ನು ಚಕ್ರಕ್ಕೆ ನೇರವಾಗಿ ನಿಲ್ಲಿಸಿ, ಬೋಲ್ಟನ್ನು ಬಿಗಿಮಾಡಿ, ಮತ್ತೆ ಚಕ್ರವನ್ನು ಮೊಣಕಾಲುಗಳ ನಡುವೆ ಹಿಡಿದು ಹ್ಯಾಂಡಲ್ಲನ್ನು ತಿರುಚಿ ನೋಡಿ. ಎರಡು ಕೈಗಳ ಸಾಧಾರಣ ಬಲಕ್ಕೆ ಅದು ಜರುಗಬಾರದು.

ಕಂಬಿಗಳಿಂದ ಕೆಲಸ ಮಾಡುವ ಬ್ರೇಕುಗಳಿರುವ ದೊಡ್ಡ ಸೈಕಲ್ಲಿನಲ್ಲಿ ಇನ್ನೊಂದು ಹೆಜ್ಜೆ ಉಳಿಯುತ್ತದೆ. ಲಿವರುಗಳು ಹ್ಯಾಂಡಲ್‌ಗೇ ಕೂಡಿಕೊಂಡಿರುವುದರಿಂದ ಹ್ಯಾಂಡಲ್ ಮೇಲೆದ್ದರೆ ಕಂಬಿಗಳೂ ಮೇಲೇಳುತ್ತವೆ, ಬ್ರೇಕಿನ ರಬ್ಬರುಗಳು ರಿಮ್ಮಿಗೆ ಅಂಟಿಕೊಳ್ಳುತ್ತವೆ. ಹಾಗಾಗಿ ಸ್ಟೆಮ್ ಎತ್ತುವ ಮೊದಲೇ ಕಂಬಿಗಳ ಕೂಡುಜಾಗದ ನಟ್ಟುಗಳನ್ನು ಸಡಿಲಿಸಿಕೊಂಡು, ಎತ್ತರ ನಿಗದಿಯಾದ ಮೇಲೆ ರಬ್ಬರಿಗೂ ರಿಮ್ಮಿಗೂ ನಡುವೆ ಕೆಲವು ಮಿಲಿಮೀಟರ್ ಜಾಗ ಉಳಿಯುವಂತೆ ಕಂಬಿಯನ್ನು ಉದ್ದಮಾಡಿ ಬಿಗಿಮಾಡಬೇಕು. ಬಹುಪಾಲು ಇಂಥ ಸೈಕಲ್ಲುಗಳಲ್ಲಿ ಸ್ಟೆಮ್ಮೂ ಹ್ಯಾಂಡಲ್ಲೂ ಒಂದೇ ತುಂಡಾಗಿ ಬೆಸೆದಿರುವುದರಿಂದ ಎತ್ತರವನ್ನಲ್ಲದೆ ಬೇರೇನನ್ನೂ ಬದಲಿಸಲಾಗದು.

ಸ್ಟೆಮ್ ಎತ್ತರಿಸುವ ಮಾತು ಶಾಲೆಗೆ ಹೋಗುವ ಮಕ್ಕಳಿಗೂ ಅನ್ವಯಿಸುತ್ತದೆ. ಕರ್ನಾಟಕದಲ್ಲಿ 2006-07ರಲ್ಲಿ 8ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭವಾಯಿತು. ಹಾಗೆ ಸಿಕ್ಕ ಸೈಕಲ್ಲನ್ನು 10ನೇ ತರಗತಿ ಮುಗಿಯುವವರೆಗೆ ತುಳಿಯುವ ಮಗು ಆ ಮೂರು ವರ್ಷಗಳಲ್ಲಿ ಗೇಣುದ್ದ ಬೆಳೆದಿರುತ್ತದೆ, ಸೈಕಲ್ಲಿನ ಅಳತೆ ಮಾತ್ರ ಮೊದಲ ದಿನದ್ದೇ ಆಗಿರುತ್ತದೆ. ಪ್ರತಿ ವರ್ಷ ಶಾಲೆ ತೆರೆಯುವ ಹೊತ್ತಿಗೆ ಸೀಟನ್ನೂ ಸ್ಟೆಮ್ಮನ್ನೂ ಒಮ್ಮೆ ಏರಿಸಿಕೊಡಲು ಒಂದೆರಡು ಸ್ಪ್ಯಾನರ್ ಮತ್ತು ಹತ್ತು ನಿಮಿಷ ಸಾಕು.

ಪಕ್ಕದಿಂದ ಹಿಡಿಯುವ ಹೊಸ ಮಾದರಿ

ಇಂದಿನ ಹೆಚ್ಚಿನ ಗೇರ್ ಸೈಕಲ್ಲುಗಳಲ್ಲಿ ಫೋರ್ಕಿನ ಕೊಳವೆಯೇ ಚೌಕಟ್ಟಿನ ಮೇಲಕ್ಕೆ ಚಾಚಿಕೊಂಡಿರುತ್ತದೆ, ಅದರ ಸಾಮಾನ್ಯ ವ್ಯಾಸ 28.6 ಮಿಲಿಮೀಟರ್. ಸ್ಟೆಮ್ ಅದನ್ನು ಹೊರಗಿನಿಂದ ತಬ್ಬಿ, ಹಿಂಬದಿಯ ಎರಡು ಬೋಲ್ಟುಗಳಿಂದ ಬಿಗಿಯಾಗಿ ಹಿಡಿಯುತ್ತದೆ. ಸ್ಟೆಮ್ಮಿನ ಕೆಳಗೂ ಕೆಲವೊಮ್ಮೆ ಮೇಲೂ ಸ್ಪೇಸರ್ ಎಂಬ ಉಂಗುರಗಳಿರುತ್ತವೆ. ನೆತ್ತಿಯ ಮುಚ್ಚಳದ ಬೋಲ್ಟು ಹ್ಯಾಂಡಲ್ಲನ್ನು ಹಿಡಿದಿಟ್ಟಿದೆ ಎಂದು ಅನೇಕರು ತಿಳಿದಿದ್ದಾರೆ, ಹಾಗಲ್ಲ; ಅದರ ಕೆಲಸ ಬೇರಿಂಗುಗಳ ಸಡಿಲವನ್ನು ತೆಗೆಯುವುದಷ್ಟೇ, ಹ್ಯಾಂಡಲ್ಲನ್ನು ನಿಲ್ಲಿಸುವವು ಹಿಂಬದಿಯ ಎರಡು ಬೋಲ್ಟುಗಳು. ಈ ವ್ಯತ್ಯಾಸ ತಿಳಿಯದ ಕಾಲದಲ್ಲಿ ನಾನು ಮುಚ್ಚಳದ ಬೋಲ್ಟನ್ನು ಮೈಮೇಲೆ ಬಂದವನಂತೆ ಬಿಗಿದು, ಹ್ಯಾಂಡಲ್ ತಿರುಗುವುದೇ ಕಷ್ಟವಾಗಿ, ಒಂದು ವಾರ ಚೌಕಟ್ಟೇ ಸೊಟ್ಟಗಿದೆಯೆಂದು ದೂರುತ್ತಿದ್ದೆ.

ಎತ್ತರ ಬದಲಿಸುವ ಕ್ರಮ ಹೀಗಿದೆ. ಎರಡೂ ಚಕ್ರಗಳು ನೆಲದ ಮೇಲಿರಲಿ, ಇಲ್ಲದಿದ್ದರೆ ಸ್ಟೆಮ್ ತೆಗೆದೊಡನೆ ಫೋರ್ಕ್ ಕೆಳಕ್ಕೆ ಜಾರಿ ಬೇರಿಂಗುಗಳು ಹೊರಬರುತ್ತವೆ. ಮುಚ್ಚಳದ ಬೋಲ್ಟನ್ನು ಪೂರ್ತಿ ಬಿಚ್ಚಿ ಮುಚ್ಚಳ ತೆಗೆಯಿರಿ, ನಂತರ ಹಿಂಬದಿಯ ಬೋಲ್ಟುಗಳನ್ನು ಸಡಿಲಿಸಿ ಸ್ಟೆಮ್ಮನ್ನು ಮೇಲಕ್ಕೆ ಎಳೆಯಿರಿ. ಹ್ಯಾಂಡಲ್ ಎತ್ತರವಾಗಬೇಕಿದ್ದರೆ ಸ್ಟೆಮ್ಮಿನ ಮೇಲಿರುವ ಉಂಗುರಗಳನ್ನು ಕೆಳಗೆ ಹಾಕಬೇಕು. ತಗ್ಗಬೇಕಿದ್ದರೆ ಕೆಳಗಿನವನ್ನು ಮೇಲೆ ಹಾಕಬೇಕು. ಯಾವ ಉಂಗುರವನ್ನೂ ಹೊರಗುಳಿಸಬಾರದು. ಎಲ್ಲವೂ ಕೂತ ಮೇಲೆ ಫೋರ್ಕಿನ ಕೊಳವೆಯ ಬಾಯಿ ಸ್ಟೆಮ್ಮಿನ ಅಥವಾ ಮೇಲಿನ ಉಂಗುರದ ಅಂಚಿಗಿಂತ ಸುಮಾರು 3 ಮಿಲಿಮೀಟರ್ ತಗ್ಗಿನಲ್ಲಿರಬೇಕು, ಏಕೆಂದರೆ ಮುಚ್ಚಳ ಒತ್ತಬೇಕಾದದ್ದು ಉಂಗುರವನ್ನು, ಕೊಳವೆಯನ್ನಲ್ಲ.

ಬಿಗಿಮಾಡುವ ಕ್ರಮ ಬಿಚ್ಚುವುದಕ್ಕಿಂತ ಮುಖ್ಯವಾದುದು. ಮೊದಲು ಮುಚ್ಚಳದ ಬೋಲ್ಟನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಬನ್ನಿ. ಮುಂದಿನ ಬ್ರೇಕನ್ನು ಒತ್ತಿಹಿಡಿದು ಸೈಕಲ್ಲನ್ನು ಹಿಂದಕ್ಕೂ ಮುಂದಕ್ಕೂ ತೂಗಿದಾಗ, ಚೌಕಟ್ಟಿನ ಮುಂತುದಿಯ ಸಂದಿಯ ಮೇಲಿಟ್ಟ ಇನ್ನೊಂದು ಕೈಯ ಬೆರಳಿಗೆ ಟಕಟಕ ಎಂಬ ಅಲುಗಾಟ ತಿಳಿಯದಂತಾದರೆ ಅಷ್ಟಕ್ಕೆ ನಿಲ್ಲಿಸಿ. ಮುಂದಿನ ಚಕ್ರ ಎತ್ತಿದಾಗ ಹ್ಯಾಂಡಲ್ ತಾನಾಗಿ ಒಂದು ಪಕ್ಕಕ್ಕೆ ವಾಲುವಷ್ಟು ಸಲೀಸಾಗಿ ತಿರುಗಬೇಕು. ಆಮೇಲೆ ಸೀಟಿನ ಮೇಲಿನಿಂದ ನೋಡುತ್ತ ಸ್ಟೆಮ್ಮನ್ನು ಚಕ್ರಕ್ಕೆ ನೇರಮಾಡಿ, ಹಿಂಬದಿಯ ಎರಡು ಬೋಲ್ಟುಗಳನ್ನು ಒಂದಾದ ಮೇಲೊಂದರಂತೆ ಕಾಲು ಸುತ್ತಿನ ಲೆಕ್ಕದಲ್ಲಿ ಬಿಗಿಮಾಡಿ. ಎಷ್ಟು ಬಿಗಿಮಾಡಬೇಕೆಂಬುದನ್ನು ಬಹುಪಾಲು ಸ್ಟೆಮ್ಮುಗಳ ಮೇಲೆ 5 ಅಥವಾ 6 ನ್ಯೂಟನ್ ಮೀಟರ್ ಎಂದು ಮುದ್ರಿಸಿರುತ್ತಾರೆ. ಅದನ್ನು ಅಳೆಯುವ ಟಾರ್ಕ್ ರೆಂಚ್ ಎಂಬ ಸಾಧನ ಇಲ್ಲದವರಿಗೆ ಒಂದು ಅಂದಾಜು: 10 ಸೆಂಟಿಮೀಟರ್ ಉದ್ದದ ಕೀಲಿಯ ತುದಿಗೆ 5 ಕಿಲೋ ಅಕ್ಕಿಯ ಚೀಲವನ್ನು ತೂಗುಹಾಕಿದರೆ ಎಷ್ಟು ಬಲ ಬೀಳುತ್ತದೆಯೋ ಅದೇ 5 ನ್ಯೂಟನ್ ಮೀಟರ್. ಕೀಲಿಯ ಉದ್ದನೆಯ ತೋಳನ್ನು ಹಿಡಿದು ಮೈಬಲವನ್ನೆಲ್ಲ ಹಾಕುವವರು ಇದನ್ನು ಸಲೀಸಾಗಿ ಮೀರಿಬಿಡುತ್ತಾರೆ, ಅಲ್ಯೂಮಿನಿಯಂ ಮರೆ ಒಮ್ಮೆ ಕಿತ್ತುಹೋದರೆ ಸ್ಟೆಮ್ಮೇ ಹೋದಂತೆ. ಕಾರ್ಬನ್ನಿನ ಹ್ಯಾಂಡಲ್ ಅಥವಾ ಕೊಳವೆ ಇರುವ ಸೈಕಲ್ಲಿಗೆ ಅಂದಾಜು ನಡೆಯದು. ಟಾರ್ಕ್ ರೆಂಚ್ ಇರುವವರ ಬಳಿಗೇ ಒಯ್ಯಿರಿ.

ಉಂಗುರಗಳಿಂದ ಎಷ್ಟು ಸಿಗುತ್ತದೆ ಎಂಬ ಲೆಕ್ಕವನ್ನೂ ತಿಳಿದಿರಬೇಕು. ಫೋರ್ಕಿನ ಕೊಳವೆ ನೆಟ್ಟಗೆ ನಿಂತಿರದೆ ಹಿಂದಕ್ಕೆ ಸುಮಾರು 17 ಡಿಗ್ರಿ ಒರಗಿರುತ್ತದೆ. ಹಾಗಾಗಿ 20 ಮಿಲಿಮೀಟರ್ ಉಂಗುರಗಳನ್ನು ಕೆಳಗೆ ಸೇರಿಸಿದರೆ ಹ್ಯಾಂಡಲ್ ಸುಮಾರು 19 ಮಿಲಿಮೀಟರ್ ಎತ್ತರವಾಗುವುದರ ಜೊತೆಗೆ 6 ಮಿಲಿಮೀಟರಿನಷ್ಟು ಸವಾರರತ್ತ ಹತ್ತಿರವೂ ಬರುತ್ತದೆ. ಎತ್ತರಿಸಿದ ಮೇಲೆ ಹತ್ತಿರವಾಯಿತೆನಿಸಿದರೆ ಅದು ಭ್ರಮೆಯಲ್ಲ.

ಎಲ್ಲ ಉಂಗುರಗಳೂ ಆಗಲೇ ಕೆಳಗಿದ್ದರೆ ಸ್ಟೆಮ್ಮನ್ನೇ ಮಗುಚಿ ಹಾಕಬಹುದು, ಈ ಉಪಾಯಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ. ಅನೇಕ ಸ್ಟೆಮ್ಮುಗಳು 6 ಅಥವಾ 7 ಡಿಗ್ರಿ ಓರೆಯಾಗಿದ್ದು ಎರಡೂ ಬಗೆಯಲ್ಲಿ ಕೂರುತ್ತವೆ. 100 ಮಿಲಿಮೀಟರ್ ಉದ್ದದ, 7 ಡಿಗ್ರಿ ಓರೆಯ ಸ್ಟೆಮ್ ಕೆಳಮುಖವಾಗಿ ಕೂತಿದ್ದರೆ, ಅದನ್ನು ಬಿಚ್ಚಿ ತಲೆಕೆಳಗು ಮಾಡಿ ಕೂರಿಸಿದಾಗ ಹ್ಯಾಂಡಲ್ ಸುಮಾರು 23 ಮಿಲಿಮೀಟರ್ ಮೇಲೇಳುತ್ತದೆ, 7 ಮಿಲಿಮೀಟರ್ ಹತ್ತಿರವಾಗುತ್ತದೆ. ಇದಕ್ಕಾಗಿ ಹ್ಯಾಂಡಲ್ ಹಿಡಿದಿರುವ ಮುಂದಿನ ಫಲಕದ ನಾಲ್ಕು ಬೋಲ್ಟುಗಳನ್ನೂ ಬಿಚ್ಚಬೇಕಾಗುತ್ತದೆ. ಮರಳಿ ಹಾಕುವಾಗ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಮಾಡುತ್ತ, ಫಲಕದ ಮೇಲಿನ ಸಂದಿಯೂ ಕೆಳಗಿನ ಸಂದಿಯೂ ಸಮನಾಗಿ ಉಳಿಯುವಂತೆ ನೋಡಿಕೊಳ್ಳಿ. ಇಷ್ಟರಿಂದಲೂ ಸಾಲದವರು ಹೆಚ್ಚು ಓರೆಯ ಸ್ಟೆಮ್ಮನ್ನೋ, ನಡುವಿನಿಂದ ಎರಡೂ ಬದಿಗೆ ಮೇಲೆದ್ದಿರುವ ಹ್ಯಾಂಡಲ್ಲನ್ನೋ ಕೊಳ್ಳಬೇಕಾಗುತ್ತದೆ. ಕೊಳವೆಯ ಮೇಲೆ ಇನ್ನೊಂದು ಕೊಳವೆಯನ್ನು ಕೂರಿಸಿ ಎತ್ತರಿಸುವ ರೈಸರುಗಳೂ ಮಾರುಕಟ್ಟೆಯಲ್ಲಿವೆ. ಅವನ್ನು ಕಾರ್ಬನ್ ಕೊಳವೆಗೆ ಹಾಕಕೂಡದು, ಉಳಿದವಕ್ಕೂ ಅದು ನನ್ನ ಕೊನೆಯ ಆಯ್ಕೆ.

ದೂರ, ಅಗಲ, ಕೋನ

ಎತ್ತರ ಹಿತವಾದ ಮೇಲೂ ಮೊಣಕೈಗಳು ಕೋಲಿನಂತೆ ನೀಟಿಕೊಂಡೇ ಇದ್ದರೆ ಹ್ಯಾಂಡಲ್ ದೂರವಿದೆ ಎಂದರ್ಥ. ಮೊಣಕೈ ತುಸು ಬಾಗಿರುವುದು ಸೊಗಸಿಗಲ್ಲ, ನಮ್ಮ ರಸ್ತೆಗಳ ಹಂಪು ಗುಂಡಿಗಳ ಪೆಟ್ಟು ಭುಜಕ್ಕೆ ತಲುಪುವ ಮುಂಚೆ ಅಲ್ಲಿಯೇ ಕರಗಬೇಕು. ಹೊಸ ಮಾದರಿಯಲ್ಲಿ ಇದಕ್ಕೆ ಇರುವ ದಾರಿ 10 ಅಥವಾ 20 ಮಿಲಿಮೀಟರ್ ಗಿಡ್ಡನೆಯ ಸ್ಟೆಮ್. ಕೊಳ್ಳುವಾಗ ಹ್ಯಾಂಡಲ್ ಕೊಳವೆಯ ನಡುಭಾಗದ ವ್ಯಾಸವನ್ನು ನೋಡಿಕೊಂಡು ಹೋಗಿ. ಅದು ಸಾಮಾನ್ಯವಾಗಿ 25.4 ಅಥವಾ 31.8 ಮಿಲಿಮೀಟರ್ ಇರುತ್ತದೆ, ಒಂದಕ್ಕಾಗಿ ಮಾಡಿದ ಸ್ಟೆಮ್ ಇನ್ನೊಂದಕ್ಕೆ ಕೂರುವುದಿಲ್ಲ. ಸ್ಟೆಮ್ ಗಿಡ್ಡವಾದಷ್ಟೂ ಹ್ಯಾಂಡಲ್ ಚುರುಕಾಗಿ ತಿರುಗುತ್ತದೆ, ಮೊದಲ ಒಂದೆರಡು ದಿನ ಎಚ್ಚರವಿರಲಿ.

ನೇರ ಹ್ಯಾಂಡಲ್ ಭುಜಕ್ಕಿಂತ ಬಹಳ ಅಗಲವಿದ್ದರೆ ಗ್ರಿಪ್ಪು, ಲಿವರುಗಳನ್ನು ಮೊದಲು ಒಳಕ್ಕೆ ಸರಿಸಿ ಕೆಲವು ದಿನ ಓಡಿಸಿ ನೋಡಿ, ಹಿತವೆನಿಸಿದರೆ ಮಾತ್ರ ಎರಡೂ ತುದಿಗಳಲ್ಲಿ ಸಮನಾಗಿ ಕತ್ತರಿಸಿ. ಕತ್ತರಿಸಿದ್ದನ್ನು ಮರಳಿ ಅಂಟಿಸಲಾಗದು. ಟಗರಿನ ಕೊಂಬಿನಂತೆ ಬಾಗಿದ ರೇಸ್ ಹ್ಯಾಂಡಲ್ಲುಗಳು 38ರಿಂದ 44 ಸೆಂಟಿಮೀಟರ್ ಅಗಲದಲ್ಲಿ ಸಿಗುತ್ತವೆ. ಎರಡು ಭುಜಗಳ ತುದಿಮೂಳೆಗಳ ನಡುವಿನ ಅಳತೆಗೆ ಹತ್ತಿರವಾದುದನ್ನು ಆರಿಸಿದರೆ ಸಾಕು.

ಕೋನವನ್ನು ಸರಿಪಡಿಸುವುದು ಐದು ನಿಮಿಷದ ಕೆಲಸ, ಫಲ ಮಾತ್ರ ದೊಡ್ಡದು. ಸೀಟಿನ ಮೇಲೆ ಸಹಜವಾಗಿ ಕೂತು, ಕಣ್ಣುಮುಚ್ಚಿ ಕೈಗಳನ್ನು ಗ್ರಿಪ್ಪಿನ ಮೇಲಿಟ್ಟು, ಬೆರಳುಗಳನ್ನು ಮುಂಗೈಯ ನೇರಕ್ಕೆ ಚಾಚಿ. ಚಾಚಿದ ಬೆರಳುಗಳು ಬ್ರೇಕ್ ಲಿವರಿನ ಮೇಲೆಯೇ ಬಿದ್ದರೆ ಸರಿ. ಲಿವರು ಮೇಲಿದ್ದು ಬೆರಳುಗಳು ಅದರ ಕೆಳಗೆ ಹೋದರೆ ಬ್ರೇಕ್ ಹಿಡಿಯುವಾಗಲೆಲ್ಲ ಮಣಿಕಟ್ಟು ಮೇಲಕ್ಕೆ ಮಡಚುತ್ತದೆ. ಲಿವರಿನ ಪಟ್ಟಿಯ ಬೋಲ್ಟನ್ನು ಸಡಿಲಿಸಿ ಅದನ್ನು ಕೆಳಮುಖವಾಗಿ ತಿರುಗಿಸಿ. ಹೆಚ್ಚಿನವರಿಗೆ ನೆಲದ ಮಟ್ಟಕ್ಕಿಂತ 30ರಿಂದ 45 ಡಿಗ್ರಿ ಕೆಳಗೆ ಒಗ್ಗುತ್ತದೆ. ಚಿಕ್ಕ ಕೈಯವರು ಲಿವರಿನ ಬುಡದಲ್ಲಿರುವ ಸಣ್ಣ ಸ್ಕ್ರೂವನ್ನು ತಿರುಗಿಸಿ ಲಿವರನ್ನೇ ಗ್ರಿಪ್ಪಿನತ್ತ ತಂದುಕೊಳ್ಳಬಹುದು, ಆದರೆ ಪೂರ್ತಿ ಹಿಡಿದಾಗ ಲಿವರು ಗ್ರಿಪ್ಪಿಗೆ ತಾಗಬಾರದು. ತುದಿಗಳು ಹಿಂದಕ್ಕೆ ಬಾಗಿರುವ ಹ್ಯಾಂಡಲ್ಲಾದರೆ ಫಲಕದ ಬೋಲ್ಟುಗಳನ್ನು ಒಂದೊಂದು ಸುತ್ತು ಸಡಿಲಿಸಿ ಹ್ಯಾಂಡಲ್ಲನ್ನೇ ತಿರುಗಿಸಿ ನೋಡುವುದೂ ಒಂದು ದಾರಿ. ಅಂಗೈ ಪೂರ್ತಿಯಾಗಿ ಊರಿಕೊಳ್ಳುವ ಕೋನ ಕೆಲವೇ ಡಿಗ್ರಿಗಳ ವ್ಯತ್ಯಾಸದಲ್ಲಿ ಸಿಗುತ್ತದೆ.

ರಸ್ತೆಗಿಳಿಯುವ ಮುನ್ನ

ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ತಿರುಗುವಷ್ಟು ತಿರುಗಿಸಿ ಬ್ರೇಕಿನ ಮತ್ತು ಗೇರಿನ ವೈರುಗಳನ್ನು ನೋಡಿ. ಎತ್ತರಿಸಿದ ಹ್ಯಾಂಡಲ್‌ಗೆ ಹಳೆಯ ವೈರು ಗಿಡ್ಡವಾಗಿದ್ದರೆ ತಿರುವಿನಲ್ಲಿ ಅದು ಬಿಗಿದುಕೊಂಡು ಬ್ರೇಕು ತಾನಾಗಿ ಹಿಡಿಯಬಹುದು, ಗೇರು ತಾನಾಗಿ ಬದಲಾಗಬಹುದು. ವೈರು ಎಳೆದುಕೊಳ್ಳುತ್ತಿದ್ದರೆ ಉದ್ದನೆಯ ವೈರು ಹಾಕಿಸಬೇಕು, ಇಲ್ಲವೇ ಎತ್ತರವನ್ನು ತುಸು ತಗ್ಗಿಸಬೇಕು. ವೈರಿನ ಬದಲು ದ್ರವದ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಬ್ರೇಕಿನ ಕೊಳವೆಯನ್ನು ಸ್ವತಃ ಬದಲಿಸಲು ಹೋಗದಿರುವುದು ಕ್ಷೇಮ. ನಂತರ ಹ್ಯಾಂಡಲ್ಲಿನ ಎರಡೂ ತುದಿಗಳ ಮೇಲೆ ಕೈಯೂರಿ ಮೈಭಾರ ಬಿಟ್ಟು ನೋಡಿ. ಅದು ಕೆಳಕ್ಕೆ ಜಾರಿದರೆ ಫಲಕ ಇನ್ನೂ ಸಡಿಲವಿದೆ.

ಒಮ್ಮೆಗೆ ಒಂದೇ ಬದಲಾವಣೆ, ಅದೂ 5ರಿಂದ 10 ಮಿಲಿಮೀಟರ್ ಮಾತ್ರ. ಎತ್ತರ, ದೂರ, ಕೋನ ಮೂರನ್ನೂ ಒಂದೇ ಸಂಜೆ ಬದಲಿಸಿದವರಿಗೆ ಮರುದಿನ ನೋವು ಕಡಿಮೆಯಾದರೂ ಯಾವುದರಿಂದ ಎಂದು ತಿಳಿಯುವುದಿಲ್ಲ, ಹೆಚ್ಚಾದರೂ ತಿಳಿಯುವುದಿಲ್ಲ. ದಿನವೂ ಹೋಗುವ ಅದೇ ದಾರಿಯಲ್ಲಿ ಮೂರು ನಾಲ್ಕು ಸಲ ಓಡಿಸಿದ ನಂತರವೇ ತೀರ್ಮಾನಕ್ಕೆ ಬನ್ನಿ. ಹೊಸ ಭಂಗಿಗೆ ಮೈ ಒಗ್ಗುವವರೆಗೆ ಬೆನ್ನಿನ ಸ್ನಾಯುಗಳಲ್ಲಿ ಸ್ವಲ್ಪ ಆಯಾಸ ಕಾಣಿಸಿಕೊಳ್ಳುವುದು ಸಹಜ, ಬೆರಳು ಜೋಮು ಹಿಡಿಯುವುದು ಸಹಜವಲ್ಲ. ಬುಟ್ಟಿಯಲ್ಲಿ ಅಥವಾ ಹ್ಯಾಂಡಲ್‌ಗೆ ತೂಗುಹಾಕಿದ ಚೀಲದಲ್ಲಿ ಭಾರ ಹೊತ್ತು ಪರೀಕ್ಷೆ ಮಾಡಬೇಡಿ, ಆ ಭಾರವೇ ಹ್ಯಾಂಡಲ್ಲಿನ ನಡತೆಯನ್ನು ಬದಲಿಸಿಬಿಡುತ್ತದೆ.

ಮೊದಲ ಸವಾರಿಯ ನಂತರ ಬಿಚ್ಚಿ ಹಾಕಿದ ಎಲ್ಲ ಬೋಲ್ಟುಗಳನ್ನೂ ಇನ್ನೊಮ್ಮೆ ಮುಟ್ಟಿ ನೋಡಿ. ಅಳತೆ ನಿಗದಿಯಾದ ಮೇಲೆ ಹಳೆಯ ಮಾದರಿಯ ಸ್ಟೆಮ್ಮಿನ ಕೊಳವೆಯ ಮೇಲೂ ಸೀಟಿನ ಕೊಳವೆಯ ಮೇಲೂ ಬಣ್ಣದ ಟೇಪನ್ನು ಒಂದು ಸುತ್ತು ಅಂಟಿಸಿಡಿ. ಮನೆಯಲ್ಲಿ ಇಬ್ಬರು ಒಂದೇ ಸೈಕಲ್ ಓಡಿಸುತ್ತಿದ್ದರೆ ಸೀಟಿನ ಕೊಳವೆಗೆ ಎರಡು ಬಣ್ಣದ ಟೇಪು ಅಂಟಿಸಿ, ಹ್ಯಾಂಡಲ್ಲನ್ನು ಹೆಚ್ಚು ದೂರ ಹೋಗುವವರ ಅಳತೆಗೆ ಬಿಡಿ.